ನೆಲಮಾಳಿಗೆಯ ಚಿಕಿತ್ಸಾಲಯ

ಮೈಗೆ ಜ್ವರ ಬಂದರೆ ನೆರೆಹೊರೆಯವರಿಗೆ ಹೇಳಿಕೊಳ್ಳುತ್ತೇವೆ. ಮನಸ್ಸಿಗೆ ಬೇನೆ ಬಂದರೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಇದು ಲೋಕರೂಢಿ. ಆದರೆ ಬೇನೆಯನ್ನು ಹೇಳಿಕೊಳ್ಳಲು ಹೊರಟವನಿಗೆ ವೈದ್ಯರ ಬಾಗಿಲೇ ಮುಚ್ಚಿದ್ದರೆ ಅವನ ಗತಿಯೇನು? ಅಮೆರಿಕಾ ದೇಶದ ಕಪ್ಪು ಜನರ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1851ರಲ್ಲಿ ಆ ದೇಶದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು, ಒಡೆಯನನ್ನು ತೊರೆದು ಓಡಿಹೋಗುವ ಗುಲಾಮನಿಗೆ ‘ಡ್ರೇಪಿಟೊಮೇನಿಯಾ’ ಎಂಬ ಮನೋರೋಗವಿದೆಯೆಂದು ಬರೆದನು. ಬಿಡುಗಡೆಯ ಹಂಬಲವೇ ರೋಗವೆನಿಸಿತು! ಶಾಸ್ತ್ರವೇ ಅನ್ಯಾಯಕ್ಕೆ ಊರುಗೋಲಾದರೆ ನೊಂದವರು ಅದನ್ನು ನಂಬುವುದು ಹೇಗೆ?

1865ರಲ್ಲಿ ಗುಲಾಮಗಿರಿ ರದ್ದಾಯಿತು, ಭೇದವು ಉಳಿಯಿತು. ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಕಪ್ಪು ಜನರು ಕಿಕ್ಕಿರಿದು ವಾಸವಾಗಿದ್ದರೂ ಅಲ್ಲಿನ ಬಡವರಿಗೆ ಮನೋವೈದ್ಯರ ನೆರವು ದುರ್ಲಭವಾಗಿತ್ತು. ಇದನ್ನು ಕಂಡು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು, ಕಾದಂಬರಿಕಾರ ರಿಚರ್ಡ್ ರೈಟ್ ಮೊದಲಾದವರ ಬೆಂಬಲದಿಂದ 1946ರಲ್ಲಿ ಲಫಾರ್ಗ್ ಚಿಕಿತ್ಸಾಲಯವನ್ನು ತೆರೆದರು. ಸೇಂಟ್ ಫಿಲಿಪ್ಸ್ ಚರ್ಚಿನ ಪಾದ್ರಿ ಶೆಲ್ಟನ್ ಹೇಲ್ ಬಿಷಪ್ ಅವರು ಅದಕ್ಕೆ ತಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಸ್ಥಳ ಕೊಟ್ಟರು. ವೈದ್ಯರು ಸಂಬಳವಿಲ್ಲದೆ ಸಂಜೆಯ ಹೊತ್ತು ದುಡಿದರು. ಒಂದು ಭೇಟಿಗೆ 25 ಸೆಂಟು. ಅದನ್ನೂ ಕೊಡಲಾರದವರಿಗೆ ಉಚಿತ. ಬಣ್ಣದ ಎಣಿಕೆಯಿಲ್ಲದೆ ಯಾರು ಬಂದರೂ ಉಪಚಾರ ದೊರೆಯುತ್ತಿತ್ತು.

ಈ ಸೇವೆಯ ಫಲ ನೆಲಮಾಳಿಗೆಯಲ್ಲೇ ಉಳಿಯಲಿಲ್ಲ. ಆಗ ಡೆಲವೇರ್ ರಾಜ್ಯದಲ್ಲಿ ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದವು. ಅಲ್ಲಿನ ಮಕ್ಕಳನ್ನು 1951ರಲ್ಲಿ ಪರೀಕ್ಷಿಸಿದ ವರ್ಥಮ್ ಅವರು, ಹೀಗೆ ಬೇರ್ಪಡಿಸುವುದರಿಂದಲೇ ಎಳೆಯ ಮನಸ್ಸುಗಳಿಗೆ ಹಾನಿಯಾಗುತ್ತಿದೆಯೆಂದು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. 1952ರಲ್ಲಿ ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳುವಂತೆ ಅಲ್ಲಿನ ನ್ಯಾಯಾಲಯವು ಆಜ್ಞಾಪಿಸಿತು. ಆ ಮೊಕದ್ದಮೆಯೂ ಒಳಗೊಂಡಿದ್ದ ಬ್ರೌನ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ವರ್ಣಭೇದವು ಸಂವಿಧಾನಬಾಹಿರವೆಂದು ಸಾರಿತು. ನೊಂದವನನ್ನು ಸಂತೈಸಿದರೆ ಸಾಲದು, ನೋಯಿಸುವ ವ್ಯವಸ್ಥೆಯನ್ನೂ ತಿದ್ದಬೇಕೆಂಬುದನ್ನು ಆ ಪುಟ್ಟ ಚಿಕಿತ್ಸಾಲಯ ತೋರಿಸಿಕೊಟ್ಟಿತು.

1950ರ ದಶಕದ ಕೊನೆಗೆ ಅದು ಮುಚ್ಚಿತು, ಕೆಲಸ ಮುಗಿದಿರಲಿಲ್ಲ. ಕಪ್ಪು ಜನಾಂಗದ ಲೇಖಕಿ ಬೀಬಿ ಮೂರ್ ಕ್ಯಾಂಪ್‌ಬೆಲ್ ಅವರು ತಮ್ಮ ಸಮಾಜದವರು ಮನೋರೋಗವನ್ನು ಬಚ್ಚಿಡದೆ ಮಾತಾಡಬೇಕೆಂದು ಶ್ರಮಿಸಿ 2006ರಲ್ಲಿ ತೀರಿಕೊಂಡರು. 2008ರಲ್ಲಿ ಅಮೆರಿಕಾದ ಸಂಸತ್ತಿನ ಕೆಳಮನೆಯು ಜುಲೈ ತಿಂಗಳನ್ನು ಅವರ ಹೆಸರಿನಲ್ಲಿ ಅಲ್ಪಸಂಖ್ಯಾತರ ಮಾನಸಿಕ ಆರೋಗ್ಯ ಜಾಗೃತಿಗೆ ಮೀಸಲಿಟ್ಟಿತು. ಅಲ್ಲಿನ ಮನೋವೈದ್ಯರ ಸಂಘವು ತನ್ನ ವರ್ಣಭೇದದ ಪೂರ್ವಚರಿತ್ರೆಗಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಕ್ಷಮೆಯಾಚನೆ ದೊಡ್ಡದೇ, ಆದರೆ ಕಳೆದುಹೋದ ನಂಬಿಕೆಯು ಒಂದು ಪತ್ರದಿಂದ ಮರಳದು. ರೋಗಿಯ ಊರಿನಲ್ಲಿ, ಅವನಿಗೆ ಎಟುಕುವ ವೆಚ್ಚದಲ್ಲಿ, ಅವನ ಮಾತಿಗೆ ಗೌರವವಿತ್ತು ನಡೆಸುವ ಉಪಚಾರದಿಂದ ಮಾತ್ರ ಅದು ಮರಳೀತು.

ಬಂಧುಗಳೇ, ನಮ್ಮ ಮಕ್ಕಳು ಮೊಮ್ಮಕ್ಕಳು ಅನೇಕರು ಆ ದೇಶದಲ್ಲಿ ನೆಲೆಸಿದ್ದಾರೆ. ಅಲ್ಲಿ ಅವರೂ ಬಿಳಿಯರಲ್ಲದವರ ಸಾಲಿನಲ್ಲೇ ಬಾಳುವವರು. ದೂರವಾಣಿಯಲ್ಲಿ ಸಂಬಳ, ಮನೆ, ಕಾರುಗಳ ಸಮಾಚಾರ ಕೇಳುವ ನಾವು, ‘ಮನಸ್ಸು ನೆಮ್ಮದಿಯಾಗಿದೆಯೇ ಮಗು?’ ಎಂದೂ ಕೇಳೋಣ. ‘ಇಲ್ಲ’ ಎಂಬ ಉತ್ತರ ಬಂದರೆ ನಾಲ್ಕು ಜನರ ಮಾತಿಗೆ ಅಂಜದೆ ವೈದ್ಯರನ್ನು ಕಾಣಲು ಹೇಳೋಣ. ಸಂಕಟದ ಗಳಿಗೆಯಲ್ಲಿ ನೆರವಾಗಲು 2022ರ ಜುಲೈಯಿಂದ ಅಲ್ಲಿ 988 ಎಂಬ ದೂರವಾಣಿ ಸಂಖ್ಯೆ ಹಗಲಿರುಳೂ ತೆರೆದಿದೆ. ಅದನ್ನು ಅವರಿಗೆ ತಿಳಿಸುವುದೂ ಹಿರಿಯರ ಕರ್ತವ್ಯವೇ.