ಮನೇಲೇ ಮಾಡಿದ್ದು

ಪುಣೆಯಿಂದ ಬೆಳಿಗ್ಗೆ 7.15ಕ್ಕೆ ಹೊರಡುವ ಡೆಕ್ಕನ್ ಕ್ವೀನ್‌ನಲ್ಲಿ ಶನಿವಾರವೂ ಪಾಸ್‌ನವರ ಗುಂಪು ಇದ್ದೇ ಇರುತ್ತದೆ. ಅವರ ನಡುವೆ ಒಂದು ದೊಡ್ಡ ರಟ್ಟಿನ ಡಬ್ಬಿ, ಬೆಡ್‌ಶೀಟಿನಲ್ಲಿ ಸುತ್ತಿದ ಎದೆಗವಚ ಮತ್ತು ಮಾರುದ್ದದ ಒಂದು ಕತ್ತಿ ಹಿಡಿದುಕೊಂಡು ನಾವಿಬ್ಬರೂ ಹತ್ತಿದೆವು. ಕಿಟಕಿ ಪಕ್ಕ ಕೂತಿದ್ದ ಕಾಕಾ ಒಬ್ಬರು ಕತ್ತಿಯನ್ನೇ ನೋಡಿ, ನಾಟಕವೇ ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದು ತಲೆಯಾಡಿಸಿದೆ. ಮುಂಬೈಯ ಕಾಮಿಕ್ ಕಾನ್‌ಗೆ ಹೊರಟಿದ್ದೇವೆ, ಅಲ್ಲಿ ನಾನು ವೇಷ ಹಾಕುತ್ತೇನೆ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ನಾವೇ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದೇವೆ ಎಂದೆಲ್ಲ ವಿವರಿಸುವಷ್ಟರಲ್ಲಿ ಲೋಣಾವಳಾ ಬಂದುಬಿಡುತ್ತಿತ್ತು.

ನಿಮಗಾದರೂ ವಿವರಿಸುತ್ತೇನೆ. ಕಾಮಿಕ್ ಕಾನ್ ಎಂದರೆ ಕಾಮಿಕ್ಸ್, ಸಿನಿಮಾ, ಅನಿಮೆ, ಗೇಮ್‌ಗಳ ಅಭಿಮಾನಿಗಳ ಜಾತ್ರೆ. ನಮ್ಮ ದೇಶದಲ್ಲಿ ಮೊದಲು ನಡೆದದ್ದು 2011ರ ಫೆಬ್ರವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಆಮೇಲೆ ಮುಂಬೈ, ಬೆಂಗಳೂರು, ಹೈದರಾಬಾದ್‌ಗಳಿಗೆ ಬಂತು. ಚೆನ್ನೈಗೆ ಬಂದದ್ದು 2024ರಲ್ಲಿ. ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನ ತಮಗಿಷ್ಟವಾದ ಪಾತ್ರದ ವೇಷ ಹಾಕಿಕೊಂಡೇ ಬರುತ್ತಾರೆ. ಅದಕ್ಕೆ ಕಾಸ್‌ಪ್ಲೇ ಎಂದು ಹೆಸರು. ಇಂಗ್ಲಿಷಿನ ಕಾಸ್ಟ್ಯೂಮ್, ಪ್ಲೇ ಎರಡನ್ನೂ ಕತ್ತರಿಸಿ ಅಂಟಿಸಿದವರು ಜಪಾನಿನವರು. ಕನ್ನಡದಲ್ಲಿ ನಮಗೆ ಹತ್ತಿರದ ಪದ ಶಾಲೆಯ 'ಛದ್ಮವೇಷ'. ಆದರೆ 'ಛದ್ಮ' ಎಂದರೆ ಕಪಟ, ಮರೆಮಾಚುವುದು. ಇಲ್ಲಿ ಮರೆಮಾಚುವುದು ಏನೂ ಇಲ್ಲ, ನಾನು ಯಾರ ಅಭಿಮಾನಿ ಎಂದು ಹತ್ತು ಜನಕ್ಕೆ ತೋರಿಸುವುದೇ ಉದ್ದೇಶ. ಹಾಗಾಗಿ ನಾನು ಸುಮ್ಮನೆ 'ವೇಷ' ಎನ್ನುತ್ತೇನೆ.

ನನ್ನ ವೇಷ ಎಯೊವಿನ್‌ಳದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದಿದವರಿಗೆ, ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ: ಹೆಣ್ಣು ಯುದ್ಧಕ್ಕೆ ಬರಕೂಡದು ಎಂದಾಗ ಗಂಡಸಿನ ಕವಚ ತೊಟ್ಟು, ಬೇರೆ ಹೆಸರಿಟ್ಟುಕೊಂಡು ಹೋಗಿ, ಯಾವ ಗಂಡಸೂ ಕೊಲ್ಲಲಾಗದ ಶತ್ರುವನ್ನು ಕೊಂದವಳು. ಅವಳು ಕತ್ತಿ ಎತ್ತುವ ಮುನ್ನ ಮೆರ್ರಿ ಎಂಬ ಗಿಡ್ಡ ಹಾಬಿಟ್ ಹಿಂದಿನಿಂದ ಶತ್ರುವಿನ ಮಂಡಿಗೆ ಇರಿದಿರುತ್ತಾನೆ. ಅದನ್ನು ನೆನಪಿಟ್ಟುಕೊಂಡವರು ಕಡಿಮೆ. ನನ್ನ ಗಂಡ, ಧಾರವಾಡದವನು, ಎರಡು ತಿಂಗಳಿಂದ ಹೇಳುತ್ತಲೇ ಇದ್ದ: "ನೀ ಎಯೊವಿನ್ ಆದ್ರ ನಾ ಮೆರ್ರಿ."

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕವಚಕ್ಕೆ ಬೇಕಾದ ಫೋಮ್ ಶೀಟ್, ಅಂದರೆ ಜಿಮ್‌ನಲ್ಲಿ ನೆಲಕ್ಕೆ ಹಾಸುತ್ತಾರಲ್ಲ ಅದೇ ಜಾತಿಯದು, ಪುಣೆಯ ಬೊಹ್ರಿ ಆಳಿಯೆಲ್ಲ ತಿರುಗಿ ತಂದವನು ಅವನು. ಹಳೆಯ ನ್ಯೂಸ್‌ಪೇಪರಿನಲ್ಲಿ ನನ್ನ ಅಳತೆಗೆ ನಮೂನೆ ಕತ್ತರಿಸಿ, ಫೋಮಿಗೆ ಹೀಟ್ ಗನ್‌ನಿಂದ ಶಾಖ ಕೊಟ್ಟು, ಮಂಡಿಯ ಮೇಲಿಟ್ಟು ಬಗ್ಗಿಸಿ, ಗಮ್ ಹಚ್ಚಿ, ಬಣ್ಣ ಬಳಿದು, ಒಣಗಿಸಿ, ಮತ್ತೆ ಬಳಿದವನೂ ಅವನೇ. ಮೊದಲನೆಯ ಎದೆಗವಚ ಉಸಿರು ಬಿಟ್ಟರೆ ಬಿರಿಯುತ್ತಿತ್ತು. ಎಸೆದು ಎರಡನೆಯದು ಮಾಡಿದ. ಹಸಿರು ಮೇಲುವಸ್ತ್ರವನ್ನು ಯೂಟ್ಯೂಬ್ ನೋಡಿ ಹೊಲಿಗೆ ಮಿಷನ್ನಿನಲ್ಲಿ ತಾನೇ ಹೊಲಿದ. ನಾನು ಮಾಡಿದ್ದು ಎರಡೇ: ಕಾದಂಬರಿಯನ್ನು ಮತ್ತೊಮ್ಮೆ ಓದಿದ್ದು, ಅಳತೆಗೆ ನಿಂತದ್ದು.

ಮುಂಬೈಯ ಆ ಸಭಾಂಗಣದಲ್ಲಿ ಶನಿವಾರ ಎಷ್ಟು ಜನ ನನ್ನ ಜೊತೆ ಫೋಟೊ ತೆಗೆಸಿಕೊಂಡರೋ ಲೆಕ್ಕವಿಲ್ಲ. ಪ್ರತಿ ಫೋಟೊವನ್ನೂ ತೆಗೆದವನು ಇವನು. ಬ್ಯಾಗು, ನೀರಿನ ಬಾಟಲಿ, ನನ್ನ ಚಪ್ಪಲಿ ಎಲ್ಲ ಇವನ ಹತ್ತಿರ. ನಾವು ಕನ್ನಡ ಮಾತಾಡುವುದು ಕೇಳಿ ಒಬ್ಬ ಹುಡುಗಿ ಓಡಿಬಂದಳು. "ಅಕ್ಕಾ, ಇದನ್ನ ಎಲ್ಲಿ ತಗೊಂಡ್ರಿ?"

"ತಗೊಂಡಿದ್ದಲ್ಲ, ಮನೇಲೇ ಮಾಡಿದ್ದು" ಎಂದೆ. ಅವಳು ಕಣ್ಣರಳಿಸಿ, "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದೀರಿ" ಎಂದಳು. ಥ್ಯಾಂಕ್ಸ್ ಎಂದೆ. ಇವನು ಎರಡಡಿ ಆಚೆ, ಕ್ಯಾಮೆರಾ ಹಿಡಿದು ನಿಂತಿದ್ದ.

ಆ ರಾತ್ರಿ ಡೊಂಬಿವಲಿಯಲ್ಲಿ ಇವನ ಮಾವಶಿಯ ಮನೆಯಲ್ಲಿ ಉಳಿದೆವು. ಎಪ್ಪತ್ತು ದಾಟಿದವರು, ಹಿಂದೆ ಹೊಲಿಗೆ ಕ್ಲಾಸು ನಡೆಸುತ್ತಿದ್ದವರು. ಎಯೊವಿನ್ ಯಾರು ಎಂದು ಅವರು ಕೇಳಲಿಲ್ಲ. ಮೇಲುವಸ್ತ್ರವನ್ನು ಕೈಗೆ ತೆಗೆದುಕೊಂಡು, ಒಳಮಗ್ಗುಲು ತಿರುಗಿಸಿ, ದೀಪದ ಕೆಳಗೆ ಹಿಡಿದು ಅಂಚು ನೋಡಿದರು. ಅವರ ಮೊದಲ ಮಾತು, "ಇದು ಯಾರ ಕೈ?"

ಊಟ ಮಾಡುವಾಗ ನನಗೆ ಆ ಹುಡುಗಿಗೆ ಕೊಟ್ಟ ಉತ್ತರ ನೆನಪಾಯಿತು. ನಾನು ಭಾಷಾವಿಜ್ಞಾನ ಓದಿದವಳು, ನನ್ನ ವಾಕ್ಯವನ್ನು ನಾನೇ ಬಿಡಿಸಿ ನೋಡದೆ ಇರಲಾರೆ. ಕನ್ನಡದಲ್ಲಿ ಕ್ರಿಯಾಪದವೇ ಮಾಡಿದವರು ಯಾರೆಂದು ಹೇಳಿಬಿಡುತ್ತದೆ. 'ಮಾಡಿದ' ಎಂದರೆ ಅವನು, 'ಮಾಡಿದೆ' ಎಂದರೆ ನಾನು, 'ಮಾಡಿದೆವು' ಎಂದರೆ ನಾವು. ಕರ್ತೃವಿನ ಹೆಸರು ಬಿಟ್ಟರೂ ಕ್ರಿಯಾಪದದ ಬಾಲ ಹಿಡಿದು ಪತ್ತೆಹಚ್ಚಬಹುದು. 'ಮಾಡಿದ್ದು' ಎಂಬ ರೂಪಕ್ಕೆ ಮಾತ್ರ ಆ ಬಾಲವಿಲ್ಲ. ಸುಳ್ಳು ಹೇಳದೆ, ನಿಜವನ್ನೂ ಹೇಳದೆ ದಾಟಿಕೊಳ್ಳಲು ನಾನು ಆರಿಸಿಕೊಂಡದ್ದು ಸರಿಯಾಗಿ ಅದೇ ರೂಪವನ್ನು.

ಇದು ನನಗೆ ಚುಚ್ಚಿದ್ದಕ್ಕೆ ಕಾರಣವಿದೆ. ನಾನು ಅನುವಾದ ಮಾಡಿ ಬದುಕುವವಳು. ಕೆಲವು ವರ್ಷಗಳ ಹಿಂದೆ ಮಕ್ಕಳ ಒಂದು ಚಿತ್ರಪುಸ್ತಕವನ್ನು ಕನ್ನಡಕ್ಕೆ ತಂದೆ. ಪ್ರಾಸಕ್ಕಾಗಿ ಒಂದು ಸಾಲಿನ ಮೇಲೆ ಮೂರು ದಿನ ಕೂತದ್ದೂ ಇದೆ. ಪುಸ್ತಕ ಬಂದಾಗ ಲೇಖಕರ ಹೆಸರಿತ್ತು, ಚಿತ್ರಕಾರರ ಹೆಸರಿತ್ತು, ನನ್ನದು ಎಲ್ಲೂ ಇರಲಿಲ್ಲ. ಮೂರು ಮೇಲ್ ಹಾಕಿದ ಮೇಲೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಉತ್ತರ ಬಂತು. ಆ ಸಿಟ್ಟನ್ನು ನಾನು ಎಷ್ಟು ಜನರ ಮುಂದೆ ತೋಡಿಕೊಂಡಿದ್ದೇನೆ! 2025ರಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, 50,000 ಪೌಂಡ್ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮಪಾಲು ಎಂದು ಓದಿ ಮನೆಯಲ್ಲಿ ಪಾಯಸ ಮಾಡಿದ್ದೆ. ಅಂಥ ನಾನೇ, ಸರದಿ ಬಂದಾಗ, ಆ ಪ್ರಕಾಶಕರು ಮಾಡಿದ್ದನ್ನೇ ಮಾಡಿದೆ.

ಅಭಿಮಾನಿಗಳ ಲೋಕದಲ್ಲಿ ಇದು ಮೊದಲಿನಿಂದಲೂ ನಡೆದುಬಂದಿದೆ. ವೇಷದ ಕತೆ ಹೇಳುವವರೆಲ್ಲ 1939ರ ಜುಲೈಗೆ ಹೋಗುತ್ತಾರೆ. ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವರ್ಲ್ಡ್‌ಕಾನ್ ಸೇರಿತ್ತು, ಸುಮಾರು 200 ಜನ. ಅದಕ್ಕಾಗಿ ಲಾಸ್ ಏಂಜಲಿಸ್‌ನಿಂದ ರೈಲಿನಲ್ಲಿ ದೇಶದ ಆ ತುದಿಯವರೆಗೆ ಒಂದು ಜೋಡಿ ಬಂದಿತ್ತು: ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್. ಇಬ್ಬರೂ ಎಸ್ಪೆರಾಂಟೊ ಭಾಷೆಯ ಹುಚ್ಚಿನವರು. ಆಕೆ ತನ್ನ ಹೆಸರಿನ ಮೊದಲಕ್ಷರಗಳನ್ನು ಎಸ್ಪೆರಾಂಟೊದಲ್ಲಿ ಓದಿ 'ಮೊರೊಯೊ' ಎಂಬ ಹೆಸರಿಟ್ಟುಕೊಂಡಿದ್ದಳು. ಇಡೀ ಸಮ್ಮೇಳನದಲ್ಲಿ ಭವಿಷ್ಯಕಾಲದ ಉಡುಗೆ ತೊಟ್ಟು ಬಂದವರು ಇವರಿಬ್ಬರೇ. ಮರುವರ್ಷ ಷಿಕಾಗೊ ಸಮ್ಮೇಳನದಲ್ಲಿ ವೇಷಕ್ಕೇ ಒಂದು ಕಾರ್ಯಕ್ರಮವಾಯಿತು. ಸಂಪ್ರದಾಯ ಬೆಳೆದದ್ದು ಹೀಗೆ.

ಆಕರ್‌ಮನ್ ಆಮೇಲೆ ಪತ್ರಿಕಾ ಸಂಪಾದಕನಾಗಿ ಹೆಸರಾದ. ವೇಷ ಹಾಕಿದ ಮೊದಲ ಅಭಿಮಾನಿ ಎಂಬ ಕೀರ್ತಿಯೂ ದಶಕಗಳ ಕಾಲ ಅವನ ಹೆಸರಿಗೇ ಜಮೆಯಾಗುತ್ತಿತ್ತು. ಎರಡೂ ಉಡುಗೆಗಳನ್ನು ಕಲ್ಪಿಸಿ ಹೊಲಿದವಳು ಮೊರೊಯೊ. ಆಕೆ 1964ರಲ್ಲಿ ತೀರಿಕೊಂಡಳು. ಅವಳ ಪಾಲನ್ನು ಜನ ಗಟ್ಟಿಯಾಗಿ ಹೇಳತೊಡಗಿದ್ದು ಬಹಳ ತಡವಾಗಿ. ಆಕರ್‌ಮನ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಉಟ್ಟವರು ಫೋಟೊದಲ್ಲಿ ಕಾಣುತ್ತಾರೆ, ಹೊಲಿದವರು ಕಾಣುವುದಿಲ್ಲ. ಬಾಯಿಬಿಟ್ಟು ಹೇಳದಿದ್ದರೆ ಅದು ತಾನಾಗಿಯೇ ಮರೆತುಹೋಗುತ್ತದೆ.

ದೂರದ ಮಾತೇಕೆ, ಅದೇ ಕಾಮಿಕ್ ಕಾನ್‌ನಲ್ಲಿ ಹಳೆಯ 'ಅಮರ ಚಿತ್ರ ಕಥೆ' ಪುಸ್ತಕಗಳ ಮುಂದೆ ನಾವಿಬ್ಬರೂ ಅರ್ಧ ಗಂಟೆ ನಿಂತೆವು. ಅಮರ ಚಿತ್ರ ಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನೆನಪಾಗುತ್ತಾರೆ, ನೆನಪಾಗಬೇಕಾದ್ದೇ. ದೆಹಲಿಯ ಆ ಮೊದಲ ಕಾಮಿಕ್ ಕಾನ್‌ನಲ್ಲಿ ಜೀವಮಾನದ ಸಾಧನೆಯ ಪ್ರಶಸ್ತಿ ಸಂದದ್ದೂ ಅವರಿಗೆ. ಅದೇ ತಿಂಗಳು ಅವರು ತೀರಿಕೊಂಡರು. ಆದರೆ ಆ ಸರಣಿಯ ಇಂಗ್ಲಿಷ್ ಪುಸ್ತಕಗಳಲ್ಲಿ 'ಕೃಷ್ಣ'ನ ಸಂಖ್ಯೆ 11 ಏಕೆ? ಮೊದಲ ಹತ್ತು 1965ರಲ್ಲಿ ಬಂದದ್ದು ಕನ್ನಡದಲ್ಲಿ, ಹೊರದೇಶದ ಕತೆಗಳು ಕನ್ನಡಕ್ಕೆ ಬಂದ ರೂಪದಲ್ಲಿ. ಆ ಯೋಚನೆ ತನ್ನದು, ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬೈ ಕಚೇರಿಗೆ ಹುರುಪು ಬಂದದ್ದು ಎಂದು ಬೆಂಗಳೂರಿನ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ನಮ್ಮ ಭಾಷೆಯಲ್ಲೇ ಶುರುವಾದ ಕೆಲಸ ಇದು. ಆದರೂ ಕನ್ನಡ ಬಲ್ಲ ನನ್ನ ಹತ್ತು ಗೆಳೆಯರನ್ನು ಕೇಳಿದರೆ ಒಬ್ಬರಿಗೂ ಅನಂತರಾಮ್ ಹೆಸರು ಗೊತ್ತಿರಲಿಲ್ಲ.

ನೀವು ಕೇಳಬಹುದು, ಇದು ಪ್ರೀತಿಯ ಕೆಲಸ, ಗಂಡ ಹೆಂಡತಿ ನಡುವೆ ಲೆಕ್ಕ ಯಾಕೆ ಎಂದು. ಆ ರಾತ್ರಿ ನಾನು ತಪ್ಪು ಒಪ್ಪಿಕೊಂಡಾಗ ಇವನೂ ಹೇಳಿದ್ದು ಅದೇ: "ಬಿಡ, ಅದೇನ್ ದೊಡ್ಡ ಮಾತ? ಹೆಸರ ತಗೊಂಡು ನಾ ಏನ್ ಮಾಡ್ಲಿ?" ಈ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಭಾನುವಾರ ಸಿಕ್ಕಿತು.

ಭಾನುವಾರ ಯಾರು ಕೇಳಿದರೂ "ಇವನು ಮಾಡಿದ" ಎಂದು ಬೊಟ್ಟು ಮಾಡಿ ಹೇಳಿದೆ. ಮೊದಲೆರಡು ಸಲ ಇವನು ನಾಚಿಕೊಂಡ. ಮೂರನೆಯವನು ಇಂಜಿನಿಯರಿಂಗ್ ಓದುವ ಹುಡುಗ, ಮೈಮೇಲೆ ಮುರಿದು ಸೆಲೊಟೇಪ್ ಸುತ್ತಿದ್ದ ಕವಚ. ಅವನು ನನ್ನನ್ನು ಬಿಟ್ಟು ಸೀದಾ ಇವನ ಹತ್ತಿರ ಹೋದ. ಇಬ್ಬರೂ ಗೋಡೆಗೆ ಒರಗಿ ಮುಕ್ಕಾಲು ಗಂಟೆ ಕೂತರು. ಫೋಮಿಗೆ ಎಷ್ಟು ದೂರದಿಂದ ಶಾಖ ಕೊಡಬೇಕು, ಗಮ್ ಹಚ್ಚಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಬಣ್ಣ ಬಿರಿಯದಂತೆ ಮೊದಲು ಏನು ಬಳಿಯಬೇಕು. ಇವನು ಎರಡು ತಿಂಗಳಲ್ಲಿ ಕೆಡಿಸಿ ಕೆಡಿಸಿ ಕಲಿತದ್ದೆಲ್ಲ ಆ ಹುಡುಗನ ನೋಟ್‌ಬುಕ್ಕಿಗೆ ಹೋಯಿತು. ಶನಿವಾರ ನನ್ನನ್ನು ಕೇಳಿದ ಹುಡುಗಿಗೂ ಇದೇ ಬೇಕಿತ್ತೇನೋ. ನಾನು ಅವಳಿಗೆ ಒಂದು ಥ್ಯಾಂಕ್ಸ್ ಕೊಟ್ಟು ಕಳಿಸಿದ್ದೆ.

ಹೆಸರು ಹೇಳುವುದು ಮಾಡಿದವರಿಗೆ ತೀರಿಸುವ ಋಣ ಎಂದೇ ಇಷ್ಟು ದಿನ ತಿಳಿದಿದ್ದೆ. ಅದು ಕೇಳಿದವರಿಗೆ ಕೊಡುವ ವಿಳಾಸವೂ ಹೌದು. ಅನುವಾದಕರ ಹೆಸರಿದ್ದರೆ ಓದುಗರು ಅವರ ಇನ್ನೊಂದು ಪುಸ್ತಕ ಹುಡುಕುತ್ತಾರೆ. ತಪ್ಪಿದ್ದರೆ ಯಾರನ್ನು ಕೇಳಬೇಕೆಂದೂ ಗೊತ್ತಾಗುತ್ತದೆ. ಹೊಲಿದವರ ಹೆಸರಿದ್ದರೆ ಹೊಲಿಗೆ ಕಲಿಯುವವರಿಗೆ ದಾರಿ ಸಿಗುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಇಂಥ ಮೇಳಗಳಲ್ಲಿ ಹಾಕುವ ಪ್ರತಿ ಫೋಟೊದ ಕೆಳಗೂ ಪಾತ್ರದ ಹೆಸರು, ಉಟ್ಟವರ ಹೆಸರು, ಮಾಡಿದವರ ಹೆಸರು ಮೂರೂ ಇರಲಿ. ಆಯೋಜಕರು ಸ್ಪರ್ಧೆಯ ವೇದಿಕೆಯಿಂದ ಮೂರನ್ನೂ ಓದಿ ಹೇಳಲಿ. ಶಾಲೆಯ ಛದ್ಮವೇಷದಲ್ಲಿ ಓಬವ್ವನಿಗೆ ಬಹುಮಾನ ಕೊಡುವಾಗ, ರಾತ್ರಿಯೆಲ್ಲ ಕೂತು ಸೀರೆಯನ್ನು ಅಳತೆಗೆ ಇಳಿಸಿದ ಅಮ್ಮನ ಹೆಸರನ್ನೂ ಒಮ್ಮೆ ಕೂಗಲಿ. ನೋಡುವ ನಾವು, "ಎಲ್ಲಿ ತಗೊಂಡ್ರಿ" ಎನ್ನುವ ಬದಲು ಮಾವಶಿಯ ಪ್ರಶ್ನೆ ಕೇಳೋಣ.

ಭಾನುವಾರ ಸಂಜೆ 5.10ರ ಡೆಕ್ಕನ್ ಕ್ವೀನ್ ಹಿಡಿದು ಹಿಂತಿರುಗಿದೆವು. ಕರ್ಜತ್‌ನಲ್ಲಿ ಗಾಡಿ ನಿಂತಿತು. ಘಾಟಿ ಹತ್ತಲು ಮುಂದಿನ ಎಂಜಿನ್ ಒಂದಕ್ಕೇ ಆಗುವುದಿಲ್ಲ, ಹಿಂದಿನಿಂದ ನೂಕುವ ಎಂಜಿನ್ ಜೋಡಿಸುತ್ತಾರೆ. ಘಾಟಿ ಮುಗಿದ ಮೇಲೆ ಬಿಚ್ಚಿಬಿಡುತ್ತಾರೆ. ಇವನು ವಡಾಪಾವ್ ಹಿಡಿದುಕೊಂಡು ಬಂದು, "ಮೆರ್ರಿ ಬಂದ ನೋಡು ಹಿಂದ" ಎಂದು ನಕ್ಕ.

ಈ ಲೇಖನದಲ್ಲಿ ಅವನ ಹೆಸರಿಲ್ಲ ಎಂದು ನೀವು ಗಮನಿಸಿರುತ್ತೀರಿ. ಹಾಕಲೇ ಎಂದು ಕೇಳಿದೆ. ಫೋಟೊದ ಕೆಳಗೆ ಹಾಕು, ಲೇಖನದಲ್ಲಿ ಬೇಡ, ಆಫೀಸಿನಲ್ಲಿ ಕನ್ನಡದವರು ಇಬ್ಬರಿದ್ದಾರೆ, ಕಾಲೆಳೆಯುತ್ತಾರೆ ಎಂದ. ಬೇಡ ಎನ್ನುವ ಹಕ್ಕು ಅವನದು. ಶನಿವಾರ ನಾನು ಅವನನ್ನು ಕೇಳಿಯೇ ಇರಲಿಲ್ಲ.

ಫೋಟೊದ ಕೆಳಗೆ ಹಾಕಿದ್ದೇನೆ. ಆ ಪ್ರಕಾಶಕರಿಗೆ ನಾಲ್ಕನೆಯ ಮೇಲ್ ಕೂಡ.