ಕಚೇರಿ ವಿಳಾಸ ಎಲ್ಲರಿಗೂ ಇರಲಿ, ನಂಬಿ ಕೊಟ್ಟ ವಿಳಾಸ ನಮ್ಮಲ್ಲೇ ಇರಲಿ

ವಿಜಯನಗರದ ನಮ್ಮ ಕಚೇರಿ ಅಂದರೆ ಒಂದು ಕೋಣೆ, ಎರಡು ಕಂಪ್ಯೂಟರು, ನಾಲ್ಕು ಜನ. ಕೆಂಗೇರಿಯಿಂದ ನಾನು, ರಾಜಾಜಿನಗರದಿಂದ ಇಬ್ಬರು, ಬಸವೇಶ್ವರನಗರದಿಂದ ಒಬ್ಬರು. ಇರುವುದು ಬೆಂಗಳೂರಲ್ಲಾದರೂ ಬರೆಯುವುದು ಹಳ್ಳಿ ಸುದ್ದಿ. ಮೇಲ್ ನೋಡಲು ಥಂಡರ್‌ಬರ್ಡ್, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್.

ಪ್ರತಿ ಪ್ರೊಫೈಲಿಗೂ ಅದರದ್ದೇ ವಿಳಾಸ ಪುಸ್ತಕ. ಹಾಗಾಗಿ ಒಬ್ಬ ಪಿಡಿಒ ಹೆಸರು ನಾಲ್ಕು ಕಡೆ ಇರುತ್ತಿತ್ತು. ಅವರಿಗೆ ವರ್ಗವಾದರೆ ಒಬ್ಬರು ತಿದ್ದುತ್ತಿದ್ದರು, ಮೂವರಲ್ಲಿ ಹಳೆಯದೇ ಉಳಿಯುತ್ತಿತ್ತು. ಒಮ್ಮೆ ಬೆಳೆಹಾನಿ ಸುದ್ದಿಗೆ ಕೃಷಿ ಅಧಿಕಾರಿಯ ವಿಳಾಸ ಬೇಕಾಯಿತು. ಅದಿದ್ದದ್ದು ರಜೆಯಲ್ಲಿದ್ದ ಸಹೋದ್ಯೋಗಿಯ ಪ್ರೊಫೈಲಿನಲ್ಲಿ, ಅವರ ಫೋನು ಸ್ವಿಚ್ ಆಫ್. ಅವರು ಬಂದ ಮೇಲೆ ಎಲ್ಲರೂ ಕೂತು ಒಂದು ಸುಲಭದ ದಾರಿ ಹುಡುಕಿದೆವು. ವಿಳಾಸಗಳಿರುವ ಅಬುಕ್.ಎಸ್‌ಕ್ಯುಲೈಟ್ ಎಂಬ ಕಡತವನ್ನು ಅವರ ಪ್ರೊಫೈಲಿನಿಂದ ಉಳಿದ ಮೂರಕ್ಕೂ ನಕಲು ಮಾಡಿದೆವು.

ಎರಡು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಸಂಜೆ ನಾನು ಒಬ್ಬ ಪಿಡಿಒಗೆ ಪ್ರಶ್ನೆ ಕಳಿಸಲು ಕೂತೆ. ಮೊದಲ ಎರಡು ಅಕ್ಷರ ಒತ್ತುತ್ತಲೇ ಒಂದು ವಿಳಾಸ ತಾನಾಗಿ ಬಂದು ಕೂತಿತು. ನೋಡಿದರೆ ಅದು ಪಿಡಿಒ ಅಲ್ಲ. ಅದೇ ಪಂಚಾಯ್ತಿಯ ಕೂಲಿ ಪಟ್ಟಿಯಲ್ಲಿ ಸುಳ್ಳು ಹೆಸರುಗಳಿವೆ ಎಂದು ನನ್ನ ಸಹೋದ್ಯೋಗಿಗೆ ಗುಟ್ಟಾಗಿ ಬರೆದಿದ್ದ ಹುಡುಗ. ಅಳಿಸಿದೆ. ಆದರೆ ಕೈ ನಡುಗಿತು. ಆ ಹುಡುಗನಿಗೆ ಬರೆಯುವ ಉತ್ತರ ಇದೇ ರೀತಿ ಪಿಡಿಒಗೆ ಹೋಗಿದ್ದರೆ? ನಾವು ಕ್ಷಮೆ ಕೇಳಿ ಮೆಟ್ರೊ ಹತ್ತಿ ಮನೆಗೆ ಹೋಗುತ್ತಿದ್ದೆವು. ಅವನು ಅದೇ ಊರಿನಲ್ಲಿ ಬದುಕಬೇಕು.

ಹಾಗಂತ ವಿಳಾಸ ಹಂಚಿಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಇಡೀ ಪುಸ್ತಕ ಹಂಚಿದ್ದು ತಪ್ಪು. ಈಗ ನಾವು ಇಟ್ಟುಕೊಂಡಿರುವ ಅಳತೆ ಇಷ್ಟೇ: ಕಚೇರಿಯ ಬೋರ್ಡಿನ ಮೇಲೆ ಬರೆದಿರಬಹುದಾದ ವಿಳಾಸವೋ, ಅದು ಎಲ್ಲರದ್ದು. ಒಬ್ಬರು ನಂಬಿ ಕೊಟ್ಟದ್ದೋ, ಅದು ಪಡೆದವರ ಬಳಿಯೇ ಇರಬೇಕು.

ಎಲ್ಲರದ್ದಕ್ಕೆ ಕಾರ್ಡ್‌ಡಾವ್ ಎಂಬ ವ್ಯವಸ್ಥೆ ಇದೆ. ಪುಸ್ತಕ ಒಂದು ಸರ್ವರಿನಲ್ಲಿರುತ್ತದೆ, ನಾಲ್ಕೂ ಪ್ರೊಫೈಲುಗಳು ಅದನ್ನೇ ನೋಡುತ್ತವೆ; ಒಬ್ಬರು ತಿದ್ದಿದರೆ ಎಲ್ಲರಲ್ಲೂ ತಿದ್ದುಪಡಿಯಾಗುತ್ತದೆ. 2021ರ ಥಂಡರ್‌ಬರ್ಡ್ 91ರಿಂದ ಇದಕ್ಕೆ ಬೇರೆ ಆಡ್‌ಆನ್ ಬೇಕಿಲ್ಲ. ಕಡತದ ನಕಲು ಹಾಗಲ್ಲ, ನಕಲು ಮಾಡಿದ ದಿನಕ್ಕೇ ನಿಂತುಬಿಡುತ್ತದೆ. ಜೊತೆಗೆ, ನಾವು ಯಾರಿಗೆ ಮೇಲ್ ಕಳಿಸುತ್ತೇವೋ ಅವರ ವಿಳಾಸವನ್ನೆಲ್ಲ ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ.

ಇನ್ನೊಂದು ಮಾತು. ಪ್ರೊಫೈಲ್ ಎಂದರೆ ಬೀಗವಲ್ಲ. ಒಂದೇ ಲಾಗಿನ್‌ನಲ್ಲಿ ಕೂತ ಯಾರು ಬೇಕಾದರೂ ಯಾರ ಪ್ರೊಫೈಲನ್ನಾದರೂ ತೆರೆಯಬಹುದು. ಹಾಗಾಗಿ ಕಂಪ್ಯೂಟರಿಗೇ ಒಬ್ಬೊಬ್ಬರಿಗೆ ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ. ನಾವು ಮಾಡಿಕೊಂಡದ್ದು ಆ ಸಂಜೆಯ ನಂತರವೇ.

ವರದಿಗಾರ ಕೆಲಸ ಬಿಟ್ಟರೆ ಸುದ್ದಿಮೂಲವೂ ಹೋಗುತ್ತದಲ್ಲ ಎಂದು ಸಂಪಾದಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಸಾಫ್ಟ್‌ವೇರಿನಲ್ಲಿಲ್ಲ. ಹೊರಡುವವರು ಆ ವ್ಯಕ್ತಿಗೆ ಫೋನು ಮಾಡಿ, "ಇನ್ನು ಮುಂದೆ ಇವರು ನೋಡಿಕೊಳ್ತಾರೆ, ನಿಮ್ಮ ನಂಬರ್ ಕೊಡಲಾ?" ಎಂದು ಕೇಳಬೇಕು. ಹೂಂ ಅಂದರೆ ಕೊಡಿ, ಬೇಡ ಅಂದರೆ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಒಪ್ಪಿಗೆಯೇ ಮುಖ್ಯ. ಕಾಯ್ದೆ ಬರುವ ಮುಂಚೆಯೂ ನಮ್ಮ ವೃತ್ತಿಯಲ್ಲಿ ಅದು ಇರಬೇಕಿತ್ತು.

ನಿಮ್ಮ ಕಚೇರಿಯಲ್ಲೂ ನಾಲ್ಕು ಪ್ರೊಫೈಲ್ ಇದ್ದರೆ, ಹಂಚಿಕೊಳ್ಳುವ ಮುಂಚೆ ಒಂದು ಸಂಜೆ ಕೂತು ಪಟ್ಟಿ ಓದಿ. ಒಂದೊಂದು ಹೆಸರಿನ ಮುಂದೂ ನಿಂತು, ಇದನ್ನು ಇವರು ಯಾರಿಗೆ ಕೊಟ್ಟಿದ್ದರು ಎಂದು ಕೇಳಿಕೊಳ್ಳಿ.