ಝಾಡ್‌ಗೆ ಸಾವಿಲ್ಲ, ಅದೇ ಅವನ ಗೋಳು

ಹಾಸ್ಟೆಲಲ್ಲಿ ‘ಬರ್ಸರ್ಕ್’ ಓದಿದವರೆಲ್ಲ ಝಾಡ್ ಬಗ್ಗೆ ಮಾತಾಡೋದು ಒಂದೇ ವಿಷಯ: ಅವನೆಷ್ಟು ಸ್ಟ್ರಾಂಗ್ ಅಂತ. ನಿಜ. ಕೆಂಟಾರೊ ಮಿಯೂರಾ 1989ರಲ್ಲಿ ಶುರು ಮಾಡಿದ ಈ ಮಾಂಗಾದಲ್ಲಿ ನೊಸ್ಫೆರಾಟು ಝಾಡ್ 300 ವರ್ಷದಿಂದ ಯುದ್ಧ ಮಾಡ್ತಾನೇ ಇದ್ದಾನೆ. ಕೊಂಬು, ರೆಕ್ಕೆ ಇರುವ ದೈತ್ಯ ಮೃಗವಾಗುತ್ತಾನೆ. ತೋಳು ಕಡಿದು ಬಿದ್ದರೂ ಎತ್ತಿ ಇಟ್ಟುಕೊಂಡರೆ ಮತ್ತೆ ಕೂಡಿಕೊಳ್ಳುತ್ತೆ.

ಆದರೆ ನನಗೆ ನೆನಪಲ್ಲಿ ಉಳಿದಿದ್ದು ಅವನ ಖುಷಿ. ಗಟ್ಸ್ ಎಂಬ ಬರೀ ಮನುಷ್ಯ ಕತ್ತಿಯಿಂದ ಗಾಯ ಮಾಡಿದಾಗ ಝಾಡ್ ಸಿಟ್ಟಾಗಲ್ಲ, ಹಿಗ್ಗುತ್ತಾನೆ. ಸೋಲುವ ಭಯವೇ ಇಲ್ಲದವನಿಗೆ ಗೆದ್ದರೆ ಏನು ಮಜಾ?

ಈ ಕಥೆಯಲ್ಲಿ ಮನುಷ್ಯ ಅಪಾಸಲ್ ಎಂಬ ರಾಕ್ಷಸ ಆಗಬೇಕಂದ್ರೆ ತನಗೆ ತುಂಬಾ ಪ್ರಿಯವಾದವರನ್ನು ಬಲಿ ಕೊಡಬೇಕು. ಝಾಡ್ ಯಾರನ್ನು ಕೊಟ್ಟ? ಮಿಯೂರಾ ಅದನ್ನು ಹೇಳದೆಯೇ 2021ರಲ್ಲಿ ತೀರಿಕೊಂಡರು. ಈಗ ಕಥೆ ಮುಂದುವರಿಸ್ತಿರುವ ಅವರ ಗೆಳೆಯ ಕೋಜಿ ಮೋರಿಯೂ ಹೇಳದಿದ್ರೇ ಒಳ್ಳೇದು. ಆ ಖಾಲಿ ಜಾಗವೇ ಝಾಡ್‌ನ ನಿಜವಾದ ಹಿನ್ನೆಲೆ: ಗೆದ್ದು ಬಂದಾಗ ಖುಷಿಪಡಬೇಕಿದ್ದವರನ್ನೇ ಕೊಟ್ಟು ಗೆಲ್ಲುವ ಶಕ್ತಿ ತಗೊಂಡ.

ಮುಂದಿನ ಸಲ ಯಾರಾದರೂ “ಝಾಡ್ ಥರ ಆಗಬೇಕು ಮಗಾ” ಅಂದರೆ ನಾನು ಕೇಳೋದು ಇಷ್ಟೇ: ಯಾರನ್ನ ಕೊಡ್ತೀಯಾ?